ಎಣಿಕೆ ಮೂವತ್ತೆಂಟು

“ಮಗಳು ಬರೋದ್ರೊಳಗೆ ಆ ಕ್ಯಾಮೆರಾ ಕೊಟ್ಟುಬಿಡಿ. ನಿಮ್ಮ ದಮ್ಮಯ್ಯ,” ಎಂದು ಮುದುಕರು ಮೂರನೆಯ ಸಲ ಅಂಗಲಾಚಿದರು.

ರಿಪೇರಿಯವನು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮೂವತ್ತು ವರ್ಷಗಳಿಂದ ಹಳೆಯ ಕ್ಯಾಮೆರಾಗಳ ಹೊಟ್ಟೆ ಬಗೆದವನಿಗೆ ಮನುಷ್ಯರ ಹೊಟ್ಟೆಯೊಳಗಿನದೂ ಅಷ್ಟಿಷ್ಟು ಕಾಣುತ್ತಿತ್ತು. ಈ ಯಜಮಾನರು ಏನನ್ನೋ ಮುಚ್ಚಿಡುತ್ತಿದ್ದಾರೆ.

ಕ್ಯಾಮೆರಾ ತಂದುಕೊಟ್ಟವಳು ಅವರ ಮಗಳು. ಹಳೆಯ ಕ್ಯಾಮೆರಾ ಕೂಡಿಡುವವರ ಪೈಕಿ ದೊಡ್ಡ ಹೆಸರು, ಮನೆಯಲ್ಲಿ ನಲವತ್ತಿದ್ದವು. ಕಳೆದುಹೋಯಿತೆಂದು ಅಪ್ಪ ಹೇಳುತ್ತಲೇ ಬಂದಿದ್ದ ಈ ಒಂದು ಮಾತ್ರ ಮೊನ್ನೆ ಅವರ ಟ್ರಂಕಿನ ತಳದಲ್ಲಿ ಸಿಕ್ಕಿತ್ತು, ತುಕ್ಕು ಹಿಡಿದು, ಒಳಗಿನ ರೋಲಿನ ಸಮೇತ. ಅಮ್ಮ ಕೊನೆಯದಾಗಿ ಆಸ್ಪತ್ರೆ ಸೇರುವ ಹಿಂದಿನ ದಿನ ಅಪ್ಪ ತೆಗೆದ ಫೋಟೋಗಳು. ಮೂವತ್ತಾರರ ರೋಲು, ಎಣಿಕೆಯ ಮುಳ್ಳು ಮಾತ್ರ ಮೂವತ್ತೆಂಟರಲ್ಲಿ ನಿಂತಿತ್ತು.

“ಎರಡು ಲಾಭ,” ಎಂದು ನಕ್ಕಿದ್ದಳು ಮಗಳು. “ರೋಲು ಹಾಕಿದ್ದು ನಾನೇ, ಒಂಬತ್ತು ವರ್ಷದವಳು. ಕ್ಯಾಮೆರಾ ಹುಚ್ಚು ಹಿಡಿದದ್ದೇ ಅವತ್ತು. ಕತ್ತಲಲ್ಲೇ ತೆಗೀರಿ, ಜೋಪಾನ.”

ಈಗ ರಿಪೇರಿಯವನು ಮುದುಕರನ್ನು ನೇರವಾಗಿ ಕೇಳಿದ. “ಮಗಳು ನೋಡಬಾರದ್ದು ಏನಿದೆ ಇದ್ರಲ್ಲಿ?”

“ಏನಿದೆ ಅಂತ ನನಗೊಬ್ಬನಿಗೇ ಗೊತ್ತು.”

ಹೆಂಡತಿಯ ಕಡೆಯ ಫೋಟೋ ಎಂದರೆ ಹೀಗೆ ಬೆವರುವ ಗಂಡನನ್ನು ಅವನು ಕಂಡಿರಲಿಲ್ಲ. ಏನು ಮಾಡಿದ್ದನೋ ಪುಣ್ಯಾತ್ಮ ಅಂದುಕೊಂಡ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮುದುಕರು ಮೇಜಿನ ಮೇಲಿನ ಕ್ಯಾಮೆರಾ ಕಸಿದುಕೊಂಡು, ಕಿಟಕಿಯ ಬಿಸಿಲಿಗೆ ಹಿಡಿದು, ಹಿಂಬದಿಯ ಮುಚ್ಚಳ ತೆರೆದರು. ತಡೆಯಲು ಧಾವಿಸಿದ ರಿಪೇರಿಯವನು ಒಳಗೆ ನೋಡಿ, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಅಷ್ಟರಲ್ಲಿ ಮುದುಕರು ಎಳೆದುಹಾಕಿದ ಮಾರುದ್ದದ ಫಿಲಂ ನೆಲದ ಮೇಲಿತ್ತು.

ಮಗಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಫಿಲಂ ನೋಡಿದಳು, ಬಿಸಿಲು ನೋಡಿದಳು, ಅಪ್ಪನ ಕೈ ನೋಡಿದಳು.

“ಯಾಕಪ್ಪಾ?”

ಮುದುಕರು ಕ್ಯಾಮೆರಾದ ಮುಚ್ಚಳ ಮುಚ್ಚಿ ಮೇಜಿನ ಮೇಲಿಟ್ಟರು.

“ನಮ್ಮಮ್ಮನ್ನ ಎರಡನೇ ಸಲ ಸಾಯಿಸಿದ್ರಿ. ಇನ್ಮೇಲೆ ನಿಮ್ಮ ಮುಖ ನೋಡಲ್ಲ ನಾನು.”

ಅವಳು ಬಂದ ದಾರಿಯಲ್ಲೇ ಇಳಿದು ಹೋದಳು. ಮುದುಕರು ಸ್ಟೂಲಿನ ಮೇಲೆ ಕುಸಿದು, ಮಕ್ಕಳಂತೆ ಬಿಕ್ಕಿದರು.

ರಿಪೇರಿಯವನು ನೀರು ತಂದುಕೊಟ್ಟು ಮೆಲ್ಲಗೆ ಹೇಳಿದ. “ಯಜಮಾನ್ರೇ, ಮುಚ್ಚಳ ತೆಗೆದಾಗ ನಾನು ನೋಡಿದೆ. ಫಿಲಂ ಬಲಗಡೆ ರೀಲಿಗೆ ಸಿಕ್ಕೇ ಇರ್ಲಿಲ್ಲ, ಒಂದು ಸುತ್ತೂ ಸುತ್ತಿರ್ಲಿಲ್ಲ. ಫಿಲಂ ಸರಿಯದೆ ಮುಳ್ಳೊಂದೇ ಓಡಿದೆ, ಒಂದು ಫೋಟೋನೂ ಬಿದ್ದಿಲ್ಲ. ಹಾಳು ಮಾಡೋಕೆ ಅಲ್ಲಿ ಏನಿತ್ತು?”

“ಏನೂ ಇರ್ಲಿಲ್ಲ, ಅವತ್ತೇ ಗೊತ್ತಾಗಿತ್ತು ನನಗೆ,” ಎಂದರು ಮುದುಕರು. “ಆದ್ರೆ ರೋಲು ಹಾಕಿದ್ದು ಅವಳಲ್ವಾ?”