ಕಾರಿನ ಪಕ್ಕದ ಸ್ಕೂಟರ್

ಮನೆ ಮಾಲೀಕರು ತಮ್ಮ ಇಪ್ಪತ್ತು ವರ್ಷದ ಹಳೆಯ ಕಾರಿಗೆ ಮೊದಲ ಸಲ ಫುಲ್ ಸಿಂಥೆಟಿಕ್ ಎಂಜಿನ್ ಆಯಿಲ್ ಹಾಕಿಸಿದರು.

"ತುಂಬಾ ಓಡಿರೋ ಎಂಜಿನ್ ಸಾರ್. ಸಂದುಗಳನ್ನ ಹಳೇ ಕೊಳೆನೇ ಮುಚ್ಚಿರುತ್ತೆ. ಈ ಆಯಿಲ್ ಅದನ್ನ ತೊಳೆದುಬಿಟ್ರೆ ಸೋರಬಹುದು. ಸ್ವಲ್ಪ ದಿನ ಕೆಳಗೆ ಬಗ್ಗಿ ನೋಡ್ತಿರಿ," ಎಂದ ಮೆಕ್ಯಾನಿಕ್.

"ನನ್ನ ಗಾಡಿ ಸೋರಲ್ಲಪ್ಪ," ಎಂದು ಮಾಲೀಕರು ನಕ್ಕರು.

ಮುಂದಿನ ವಾರ ಅಂಗಳದ ಹೊಸ ಟೈಲ್ಸ್ ಮೇಲೆ ಎಣ್ಣೆ ಕಲೆ ಕಾಣಿಸಿತು. ಕಾರಿನ ಪಕ್ಕದಲ್ಲೇ ಕೆಳಗಿನ ಮನೆಯ ಬಾಡಿಗೆಯವರ ಸ್ಕೂಟರ್ ನಿಲ್ಲುತ್ತಿತ್ತು. ಎದುರುಮನೆಯವರು ಹೊರಗೆ ಬಂದು ನಿಲ್ಲುವಷ್ಟು ಜೋರಾಗಿ ಮಾಲೀಕರು ಕೂಗಾಡಿದರು.

"ಇನ್ಮೇಲೆ ಈ ಡಬ್ಬಾ ಸ್ಕೂಟರ್ ಗೇಟಿನೊಳಗೆ ಬರಕೂಡದು."

ಬಾಡಿಗೆಯವರು ಸ್ಕೂಟರನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. "ಆಯ್ತು ಸಾರ್. ಹೊರಗೇ ನಿಲ್ಲಿಸ್ತೀನಿ," ಎಂದರು.

ಮರುದಿನದಿಂದ ಟೈಲ್ಸ್ ಫಳಫಳ ಹೊಳೆಯತೊಡಗಿದವು. "ನೋಡಿದ್ಯಾ, ಸೋರ್ತಿದ್ದದ್ದು ಯಾವ್ದು ಅಂತ?" ಎಂದು ಮಾಲೀಕರು ಕಾಫಿ ಕುಡಿಯುತ್ತಾ ದಿನವೂ ಹೆಂಡತಿಗೆ ಹೇಳಿದರು.

ಭಾನುವಾರ ಯಾವುದೋ ಮದುವೆಗೆ ಹೋಗಬೇಕೆಂದು ಅವರು ಬೆಳಕು ಹರಿಯುತ್ತಲೇ ಕೆಳಗಿಳಿದು ಬಂದರು. ಬಾಡಿಗೆಯವರು ಕಾರಿನಡಿಗೆ ಕೈ ಚಾಚಿ ಹಳೇ ಬನಿಯನ್ನಿನಿಂದ ನೆಲ ಒರೆಸುತ್ತಿದ್ದರು. ಒರೆಸಿದ ಜಾಗಕ್ಕೇ ಎಂಜಿನ್ನಿನಿಂದ ಇನ್ನೊಂದು ಹನಿ ಬಿತ್ತು.

ಮಾಲೀಕರನ್ನು ಕಂಡದ್ದೇ ಅವರು ಗಡಬಡಿಸಿ ಎದ್ದು, ಬನಿಯನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಬೀದಿಯವರ ಮುಂದೆ ನಿಮಗೆ ಮುಜುಗರ ಆಗೋದು ಬೇಡ ಅಂತ ದಿನಾ ಒರೆಸಿಬಿಡ್ತಿದ್ದೆ ಸಾರ್. ಇವತ್ತು ನೀವು ಬೇಗ ಎದ್ದುಬಿಟ್ರಿ."