ಮಂಡಕ್ಕಿ ಗಾಡಿಯ ಸ್ಟೇರಿಂಗು

"ಇನ್ನೊಂದ್ಸಲ ಅಲ್ಲಾಡಿಸ್ರಿ ಸಾಹೇಬ್ರೆ!" ಪಿಕಪ್ಪಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ ಗಿಡ್ಡಪ್ಪ ಕೂಗಿದ.

ನಬೀ ಸಾಬ್ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಟಕ್. ಮತ್ತೆ ಟಕ್. ಸೀಟು ಮುಂದಕ್ಕೆ ಎಳೆದಲ್ಲೇ ಸಿಕ್ಕಿಕೊಂಡು ಎರಡು ತಿಂಗಳಾಗಿತ್ತು. ಅವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತುತ್ತಿತ್ತು. ಅವರಿಗಿಂತ ಗೇಣುದ್ದ ಎತ್ತರದ ಡ್ರೈವರ್ ಮಾರುತಿ ಇದರಲ್ಲಿ ಹೇಗೆ ಕೂರುತ್ತಾನೋ, ದೇವರೇ ಬಲ್ಲ.

"ಈ ಸೀಟೂ ಸರಿ ಮಾಡಿಸಿಬಿಡೋಣೇನೋ?" ಎಂದರು.

"ಇರ್ಲಿ ಬಿಡ್ರಿ ಸಾಹೇಬ್ರೆ, ರೂಢಿ ಆಗೈತೆ," ಎಂದ ಬಾಗಿಲ ಬಳಿ ನಿಂತಿದ್ದ ಮಾರುತಿ.

ನಬೀ ಸಾಬರದು ದಾವಣಗೆರೆಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿ. ಸ್ಟೇರಿಂಗ್ ಕೆಲಸವೆಂದರೆ ಹರಿಹರದ ಗಿಡ್ಡಪ್ಪನೇ ಆಗಬೇಕೆಂದು ಶನಿವಾರ ಬೆಳಿಗ್ಗೆಯೇ ಹೊರಟು ಬಂದಿದ್ದರು. ದಾರಿಯಲ್ಲಿ ಸದ್ದು ಯಾವಾಗಿನಿಂದ ಎಂದು ಕೇಳಿದಾಗ ಮಾರುತಿ ಹಾರ್ನ್ ಒತ್ತಿ ಮಾತು ತಪ್ಪಿಸಿದ್ದ.

ಗಿಡ್ಡಪ್ಪ ಹೊರಗೆ ಬಂದು, ಬೆರಳಿಗೆ ಹತ್ತಿದ ಗ್ರೀಸನ್ನು ಉಜ್ಜಿ ನೋಡಿದ. ಚರಚರ ಎಂದಿತು.

"ಲೋಡು ಏನು ಹಾಕ್ತೀರಿ?"

"ಮಂಡಕ್ಕಿ."

"ಮಂಡಕ್ಕಿ ಹೊತ್ತು ಸ್ಪ್ರಿಂಗ್ ಪಟ್ಟಿ ಕುಸಿದಿದ್ದನ್ನ ನಾನಂತೂ ಕಂಡಿಲ್ಲ," ಎಂದು ಗಿಡ್ಡಪ್ಪ ನಕ್ಕ. "ಬಾಲ್ ಜಾಯಿಂಟ್ ಸತ್ತೈತೆ. ರಬ್ಬರ್ ಹರಿದು ಒಳಗೆಲ್ಲ ಮರಳು. ಹೊಳೆ ಮರಳು ಸಾಹೇಬ್ರೆ. ಇನ್ನೊಂದು, ಗಾಡಿ ನಿಂತಲ್ಲೇ ಯಾರೋ ಸ್ಟೇರಿಂಗ್ ಪೂರ್ತಿ ತಿರುವ್ತಾರೆ. ಟೈರ್ ನೋಡ್ರಿ, ಹೆಂಗೆ ಸವೆದೈತೆ. ಹೊಸದಾಗಿ ಕಲಿಯೋರ ಚಾಳಿ ಅದು."

"ಕಲಿಯೋನಾ ಇವನು? ಹದಿನಾರು ವರ್ಷದಿಂದ ನನ್ನ ಗಾಡಿ ಹೊಡೀತಾನೆ." ನಬೀ ಸಾಬ್ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಅವರ ಕಿವಿಯಲ್ಲಿ ಮರಳು ಎಂಬ ಮಾತೊಂದೇ ಉಳಿದಿತ್ತು.

ಶುಕ್ರವಾರ ಭಟ್ಟಿಗೆ ರಜೆ, ಒಲೆ ಹಚ್ಚುವುದಿಲ್ಲ. ಮಾರುತಿಗೂ ಬಿಡುವು. ನಬೀ ಸಾಬ್ ನಮಾಜ್ ಮುಗಿಸಿ ಮಂಡಿಪೇಟೆಯ ಗೆಳೆಯರೊಂದಿಗೆ ಸಂಜೆಯವರೆಗೂ ಹರಟುತ್ತಾರೆ. ಹೆಂಡತಿ ಹಜೀರಾಬೀ ಕೆ.ಬಿ. ಬಡಾವಣೆಯ ಅಕ್ಕನ ಮನೆಗೆ ಹೋಗುತ್ತಾಳೆ, ಬರುವಾಗ ಬುರ್ಖಾದ ಅಂಚಿಗೆ ಬೂದಿ ಮೆತ್ತಿಕೊಂಡಿರುತ್ತದೆ. ಭಟ್ಟಿಯವರ ಬಾಳಿಗೆ ಬೂದಿ ತಪ್ಪಿದ್ದಲ್ಲ. ಗಾಡಿ ಮಾತ್ರ ಅಂಗಳದಲ್ಲಿ ಒಂಟಿಯಾಗಿ ನಿಂತಿರುತ್ತದೆ. ಕೀಲಿಯೇನೋ ಆ ದಿನ ಮನೆಯ ಮೊಳೆಯಲ್ಲಿ ತೂಗುತ್ತದೆ, ಆದರೆ ಮಾರುತಿಗೆ ಕಳ್ಳ ಕೀಲಿ ಮಾಡಿಸುವುದು ಎಷ್ಟು ಹೊತ್ತಿನ ಕೆಲಸ?

"ಮಾರುತಿ, ಈ ಗಾಡೀಲಿ ಮರಳು ಹೊಡೆದಿದೀಯಾ?"

"ಇಲ್ರಿ."

"ಹಂಗಾದ್ರೆ ಈ ಮರಳಿನ ವಿಷಯ ನನಗೇನೂ ಗೊತ್ತಿಲ್ಲ ಅಂತ ಉಕ್ಕಡಗಾತ್ರಿ ಅಜ್ಜಯ್ಯನ ಮ್ಯಾಲೆ ಆಣೆ ಮಾಡು."

ಮಾರುತಿ ತಲೆ ತಗ್ಗಿಸಿದ. ಅಮಾವಾಸ್ಯೆ ತಪ್ಪಿಸದೆ ಉಕ್ಕಡಗಾತ್ರಿಯ ಗದ್ದುಗೆಗೆ ಹೋಗುವವನು ಅವನು. ಅಜ್ಜಯ್ಯನ ಹೆಸರೆತ್ತಿ ಸುಳ್ಳು ಹೇಳುವ ಎದೆ ಅವನಿಗಿಲ್ಲ. ಅದು ನಬೀ ಸಾಬರಿಗೂ ಗೊತ್ತಿತ್ತು. ಅದಕ್ಕೇ ಕೇಳಿದ್ದರು.

"ಆಣೆ ಬ್ಯಾಡ್ರಿ ಸಾಹೇಬ್ರೆ," ಎಂದ.

ಇನ್ನೇನು ಬೇಕು? ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಎರಡು ವರ್ಷದ ಹಿಂದೆ ಮಗಳು ಇರಮ್ ಅಪ್ಪನನ್ನು ಕೇಳದೆ ಮದುವೆಯಾಗಿ ಹೋದಾಗಲೂ ನಬೀ ಸಾಬರಿಗೆ ಹೀಗೇ ಅನ್ನಿಸಿತ್ತು. ಅಂದಿನಿಂದ ಮನೆಯಲ್ಲಿ ಯಾರೂ ಅವಳ ಹೆಸರೆತ್ತುವಂತಿರಲಿಲ್ಲ.

"ಮಗಳು ಕೈಬಿಟ್ಟ ಮ್ಯಾಲೆ ನಾನು ನಂಬಿದ್ದು ಇಬ್ಬರನ್ನ. ನನ್ನ ಹೆಂಡ್ತಿ, ನೀನು. ಈಗ ಒಬ್ಬಳೇ ಉಳಿದಳು. ಕೀಲಿ ಕೊಡು. ಇನ್ನು ನನ್ನ ಅಂಗಳಕ್ಕೆ ಕಾಲಿಡಬ್ಯಾಡ."

ಮಾರುತಿ ಎರಡೂ ಕೈಯಲ್ಲಿ ಕೀಲಿ ಕೊಟ್ಟ. ಬಸ್ ನಿಲ್ದಾಣದ ಕಡೆಗೆ ನಡೆದ.

ಹೊಸ ಜಾಯಿಂಟು ಕೂತ ಮೇಲೆ ನಬೀ ಸಾಬ್ ತಾವೇ ಗಾಡಿ ಹೊಡೆದುಕೊಂಡು ಬಂದರು. ಸದ್ದು ಹೋಗಿತ್ತು. ಆದರೆ ಆ ಇಕ್ಕಟ್ಟಿನ ಸೀಟಿನಲ್ಲಿ ಬೇರೆಯವರ ಚಪ್ಪಲಿಗೆ ಕಾಲು ತೂರಿಸಿದಂತೆ ಇರುಸುಮುರುಸಾಗುತ್ತಿತ್ತು. ದಾರಿಯಲ್ಲಿ ಎರಡು ಸಲ ಕಣ್ಣೊರೆಸಿಕೊಂಡರು. ಉಂಡ ಮನೆಗೆ ಎರಡು ಬಗೆದನಲ್ಲ ಎಂದು ಗೊಣಗಿಕೊಂಡರು.

ಹಜೀರಾಬೀ ನಲ್ಲಿಯ ಕೆಳಗೆ ಬುರ್ಖಾದ ಅಂಚನ್ನು ಉಜ್ಜುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದರು. ಅವಳ ಕೈ ನಿಂತಿತು.

"ಅವನು ಏನಂದ?"

"ಏನಂತಾನೆ? ಆಣೆ ಮಾಡಲಿಲ್ಲ."

ಹೇಳುತ್ತಲೇ ಅವರ ಕಣ್ಣು ಬುರ್ಖಾದ ಮೇಲೆ ಬಿತ್ತು. ಬೂದಿಯಾಗಿದ್ದರೆ ನೀರಿಗೆ ಹೋಗಬೇಕಿತ್ತು. ಇದು ಕಲ್ಲಾಗಿ ಅಂಟಿತ್ತು. ನಿನ್ನೆ ಶುಕ್ರವಾರ. ಭಟ್ಟಿಯ ಒಲೆ ತಣ್ಣಗಿತ್ತು.

"ಇದು ಸಿಮೆಂಟು," ಎಂದರು ನಬೀ ಸಾಬ್.

"ಹೌದು. ಹರಿಹರದಲ್ಲಿ ಇರಮ್‌ಗೆ ಎರಡು ಕೋಣೆ ಕಟ್ಟಿಸ್ತಿದೀನಿ," ಎಂದಳು ಹಜೀರಾಬೀ, ಎದ್ದು ನಿಂತು. "ನಿಮಗೆ ಮೋಸ ಮಾಡಿದ್ದು ನಾನು. ಮರಳು ಹೊಡಿಯೋ ಅಂತ ಮಾರುತಿ ಕೈಕಾಲು ಹಿಡಿದೆ. 'ಸಾಹೇಬ್ರ ಉಪ್ಪು ತಿಂದೀನಿ, ನಾನು ಹೊಡೆಯಲ್ಲ ಅಮ್ಮ' ಅಂದ. ಬಾಯಿ ಮಾತ್ರ ಬಿಡಬ್ಯಾಡ ಅಂತ ಮಾತು ತಗೊಂಡಿದ್ದೆ."

ನಬೀ ಸಾಬ್ ಕಟ್ಟೆಯ ಮೇಲೆ ಕೂತರು. ನಂಬಿದ ಇಬ್ಬರಲ್ಲಿ ಉಳಿದವನನ್ನು ಅವರೇ ಬೀದಿಗೆ ಅಟ್ಟಿ ಬಂದಿದ್ದರು.

"ಅವನು ಹೊಡೀಲಿಲ್ಲ ಅಂದ್ರೆ ಮತ್ತೆ ಯಾರು ಹೊಡೆದ್ರು?"

ಹಜೀರಾಬೀ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವರ ಮುಷ್ಟಿಯಿಂದ ಕೀಲಿ ಬಿಡಿಸಿಕೊಂಡಳು. "ಮಾರುತಿನ ಕರ್ಕೊಂಡು ಬರ್ತೀನಿ," ಎಂದು ಅಂಗಳಕ್ಕಿಳಿದಳು.

ಮುಂದಕ್ಕೆ ಸಿಕ್ಕಿಕೊಂಡಿದ್ದ ಸೀಟು ಆ ಗಿಡ್ಡ ಹೆಂಗಸಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಗಾಡಿ ನಿಂತಲ್ಲೇ ಅವಳು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು.