ಬೀಗದ ಕಿಂಡಿ

“ಎಲ್ಲಿ, ಪಾಪು ಬರಲಿಲ್ವಾ?” ವಕೀಲೆ ಬಾಗಿಲ ಕಡೆ ನೋಡಿದಳು. ಎದುರಿಗೆ ಬಂದು ನಿಂತ ಮುದುಕ ಫೋನಿನಲ್ಲಿ ‘ನಮ್ಮ ಪಾಪುಗೆ ಒಂದು ಟ್ರಸ್ಟ್ ಮಾಡಿಸಬೇಕು’ ಎಂದಷ್ಟೇ ಹೇಳಿದ್ದರಿಂದ ಅವಳು ಎತ್ತಿಕೊಂಡು ಬರುವಂಥ ಕೂಸನ್ನೇ ಎದುರು ನೋಡುತ್ತಿದ್ದಳು. ಮುದುಕನ ಬೆನ್ನ ಹಿಂದಿನಿಂದ ಅಲ್ಲಲ್ಲಿ ತಲೆ ನರೆತ ದುಂಡು ಮುಖದ ಹೆಂಗಸೊಬ್ಬಳು ಇಣುಕಿ ನಕ್ಕಳು.

“ಇವಳೇ ಪಾಪು. ಈ ವರ್ಷ ನಲವತ್ತು ತುಂಬಿತು,” ಎಂದ ಅಪ್ಪ. “ಮಾತು ಬರಲ್ಲ. ಅರ್ಥ ಆಗುತ್ತೆ, ಅಂದ್ರೆ... ಊಟ, ನಿದ್ದೆ, ಅಷ್ಟು.” ಜೊತೆಗೆ ಬಂದ ಮಗ ಅವಳಿಗಿಂತ ಆರು ವರ್ಷ ಚಿಕ್ಕವನು. ಅವನೂ ಅವಳನ್ನು ಪಾಪು ಎಂದೇ ಕರೆಯುತ್ತಿದ್ದ.

ಅಪ್ಪ ಬೀಗ ರಿಪೇರಿಯವನು. ಕೂರುವ ಮೊದಲೇ ಆ ಕೋಣೆಯ ಹಳೇ ಮರದ ಬಾಗಿಲಿಗೆ ಕೂರಿಸಿದ್ದ ಬೀಗವನ್ನು ಸವರಿ ನೋಡಿ, ಕಿರುಬೆರಳು ಹಿಡಿಸುವಷ್ಟು ದೊಡ್ಡದಾಗಿದ್ದ ಅದರ ಕಿಂಡಿಗೆ ತಲೆದೂಗಿದ್ದ. ಹೋದ ತಿಂಗಳು ಅಂಗಡಿಯಲ್ಲಿ ತಲೆ ಸುತ್ತಿ ಬಿದ್ದವನಿಗೆ ಅಂದಿನಿಂದ ಒಂದೇ ಯೋಚನೆ: ನನ್ನ ನಂತರ ಇವಳ ಗತಿ ಏನು?

“ಮನೆ, ಅಂಗಡಿ ಎರಡೂ ಟ್ರಸ್ಟಿಗೆ ಸೇರುತ್ತೆ. ಅದರಿಂದ ಬರೋದು ಇವರ ಊಟ, ಬಟ್ಟೆ, ಔಷಧಿಗೆ ಮಾತ್ರ,” ಎಂದು ವಕೀಲೆ ಬಿಡಿಸಿ ಹೇಳಿದಳು. “ನೋಡ್ಕೊಳ್ಳೋ ಜವಾಬ್ದಾರಿ ಮಗನದು. ಆದರೆ ನಾಳೆ ಅವರು ಸಾಲ ಮಾಡಿಕೊಂಡ್ರೂ ಸಾಲದವರು ಇದನ್ನ ಮುಟ್ಟೋ ಹಾಗಿಲ್ಲ.”

“ನಾನು ಸಾಲ ಮಾಡೋದನ್ನ ಈಗಲೇ ಬರೆದುಬಿಡ್ತೀರಾ?” ಎಂದು ಮಗ ಮುಖ ಊದಿಸಿಕೊಂಡ. ಒಳ್ಳೆಯವನೇ. ಅಕ್ಕನಿಗೆಂದು ತನ್ನ ಮನೆಯಲ್ಲಿ ಆಗಲೇ ಒಂದು ಕೋಣೆಗೆ ಬಣ್ಣ ಹೊಡೆಸಿದ್ದ.

ಅಷ್ಟರಲ್ಲಿ ಪಾಪು ತನಗೆ ಕೊಟ್ಟ ಟೀ ಕುಡಿದು ಮುಗಿಸಿ ಕಪ್ಪನ್ನು ಸಾಸರಿನ ಮೇಲೆ ಬೋರಲು ಹಾಕಿದಳು. ವಕೀಲೆಯ ಪೆನ್ನು ನಿಂತಿತು. “ಇದೇನು?”

“ಸಾಕು ಅಂತ. ಬೇಕು ಅಂದ್ರೆ ನೆಟ್ಟಗೆ ಇಡ್ತಾಳೆ, ಬೇಡ ಅಂದ್ರೆ ಬೋರಲು. ಅವರಮ್ಮ ಇದ್ದಾಗ ಕಲಿಸಿದ್ದು.”

“ಟೀಗೆ ಮಾತ್ರಾನಾ? ಬೇರೆ ಏನಾದ್ರೂ ಕೇಳಿ ನೋಡಿದ್ದೀರಾ?”

ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಬೇರೆ ಏನು ಕೇಳೋದು ಮೇಡಂ?” ಎಂದ ಅಪ್ಪ. ಆಮೇಲೆ ದನಿ ತಗ್ಗಿಸಿ, “ನೀವು ಏನೇ ಬರೀರಿ, ನನ್ನ ಭಯ ಮಾತ್ರ ಹೋಗಲ್ಲ. ನನ್ನ ಬಿಟ್ಟು ಇವಳು ಒಂದು ಗಳಿಗೆ ಇರಲ್ಲ. ಅಂಗಡೀಲೂ ನನ್ನ ಪಕ್ಕದಲ್ಲೇ ಸ್ಟೂಲು,” ಎಂದ.

“ಬಿಟ್ಟು ನೋಡಿದ್ದೀರಾ?”

“ಅಯ್ಯೋ, ಬಿಡೋದು ಹೇಗೆ?”

“ರಿಪೇರಿ ಮಾಡಿದ ಬೀಗಾನ ಹಾಗೇ ಕೊಟ್ಟುಬಿಡ್ತೀರಾ?”

“ಛೆ ಛೆ! ಹಾಕಿ ತೆಗೆದು ನೋಡದೆ ನನ್ನ ಕೈಯಿಂದ ಒಂದು ಬೀಗಾನೂ ಆಚೆ ಹೋಗಿಲ್ಲ.”

“ಹಾಗಾದ್ರೆ ಇದನ್ನೂ ನೋಡೋಣ. ನೀವಿಬ್ಬರೂ ಸ್ವಲ್ಪ ಹೊರಗೆ ಕೂತಿರಿ.”

ಬಾಗಿಲು ಮುಚ್ಚಿತು. ಬೆಂಚಿನ ತುದಿಯಲ್ಲಿ ಕೂತ ಅಪ್ಪ, ಈಗ ಕಿರುಚುತ್ತಾಳೆ, ಇನ್ನೇನು ಕಿರುಚುತ್ತಾಳೆ ಎಂದು ಮೈಯೆಲ್ಲ ಕಿವಿಯಾಗಿ ಕಾದ. ಒಳಗಿನಿಂದ ಚಕಾರವಿಲ್ಲ. ತಡೆಯಲಾರದೆ ಎದ್ದು ಹೋಗಿ ಕಿಂಡಿಗೆ ಕಣ್ಣು ಹಚ್ಚಿದ.

“ಅಪ್ಪಾ! ಯಾರಾದ್ರೂ ನೋಡಿದ್ರೆ ಏನು ಅಂದ್ಕೊಳ್ತಾರೆ?”

“ಬೀಗ ನೋಡ್ತಿದ್ದಾನೆ ಅಂದ್ಕೊಳ್ತಾರೆ. ಸುಮ್ನಿರು.”

ಮೇಜಿನ ಅಂಚು, ಸಾಸರು, ಮಗಳ ಮುಖ, ಕಪ್ಪನ್ನು ಮತ್ತೆ ಎತ್ತಿ ಹಿಡಿದ ಅವಳ ಎರಡು ಕೈ ಕಂಡವು. “ಅಕ್ಕಾ,” ಎಂದಿತು ವಕೀಲೆಯ ದನಿ. ಒಳಗೆ ಇನ್ಯಾರಾದರೂ ಇದ್ದಾರೇನೋ ಎಂದು ಅಪ್ಪ ಕಣ್ಣಾಡಿಸಿದ. ಯಾರೂ ಇರಲಿಲ್ಲ. “ಅಕ್ಕಾ, ಮುಂದೆ ತಮ್ಮನ ಮನೇಲಿ ಇರ್ತೀರಾ?” ಕಪ್ಪು ಬೋರಲಾಯಿತು. “ಈಗಿರೋ ಮನೇಲೇ? ಜೊತೆಗೆ ಸಹಾಯಕ್ಕೆ ಯಾರಾದ್ರೂ ಬಂದು ಇದ್ರೆ?” ಕೈ ಗಾಳಿಯಲ್ಲಿ ತುಸು ಹೊತ್ತು ನಿಂತಿತು, ಆಮೇಲೆ ಕಪ್ಪು ನೆಟ್ಟಗೆ ಕೂತಿತು. ಏನೋ ಆಟವಾಡುತ್ತಿದ್ದಾಳೆ ಎಂದುಕೊಂಡ ಅಪ್ಪ. ವಕೀಲೆಗೂ ಅದೇ ಅನುಮಾನ ಬಂದಿರಬೇಕು, ಅವೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಮತ್ತೆ ಕೇಳಿದಳು. ಉತ್ತರ ಬದಲಾಗಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಮೂರು ಹೊತ್ತೂ ಅವಳ ಕಪ್ಪು ತೊಳೆದಿಟ್ಟವನು ಅವನು. ಟೀ ಬೇಕಾ ಎನ್ನುವುದನ್ನು ಬಿಟ್ಟು ಬೇರೇನೂ ಕೇಳಬೇಕೆಂದು ಹೊಳೆದೇ ಇರಲಿಲ್ಲ.

“ಸರಿ. ಅಪ್ಪನ್ನ ಒಳಗೆ ಕರೀಲಾ?”

ಅಪ್ಪ ಶರ್ಟು ಸರಿಮಾಡಿಕೊಂಡು ಹಿಡಿಕೆಯ ಮೇಲೆ ಕೈ ಇಟ್ಟ. ಕಣ್ಣು ಮಾತ್ರ ಕಿಂಡಿಯಲ್ಲೇ ಇತ್ತು. ಮಗಳು ಬಾಗಿಲ ಕಡೆ ತಿರುಗಿ ನೋಡಿದಳು, ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಯೋಚಿಸಿದಳು. ನಿಧಾನವಾಗಿ ಬೋರಲು ಹಾಕಿದಳು.

ಅವನು ಹಿಡಿಕೆಯಿಂದ ಕೈ ತೆಗೆದ. ತನ್ನ ಬಿಟ್ಟು ಅವಳು ಇರಲಾರಳು ಎಂದು ಇಷ್ಟು ವರ್ಷ ಹೊತ್ತ ಭಯ ಇಳಿದು ಮನಸ್ಸು ಹಗುರಾಯಿತು. ಅದರ ಹಿಂದೆಯೇ ಸಣ್ಣದೊಂದು ಹೊಟ್ಟೆಕಿಚ್ಚೂ ಬಂತು. ಕಣ್ಣೊರೆಸಿಕೊಂಡು ಬಂದು ಬೆಂಚಿನ ಮೇಲೆ ಕೂತ, ಈ ಸಲ ತುದಿಯಲ್ಲಲ್ಲ, ಬೆನ್ನು ಒರಗಿಸಿ.

“ಏನಂತೆ?” ಎಂದ ಮಗ.

“ಇನ್ನೂ ಸ್ವಲ್ಪ ಹೊತ್ತು ನಾವು ಹೊರಗೇ ಇರಬೇಕಂತೆ.”

“ಮೇಡಂ ಹೇಳಿದ್ರಾ?”

“ಅಲ್ಲ,” ಎಂದ ಅಪ್ಪ. “ನಿಮ್ಮಕ್ಕ.”